ನಡುವಿನ ಕಾಲುವೆ

"ಮೆಷಿನ್ನು ಎತ್ತಿ! ಮೊದ್ಲು ಮೆಷಿನ್ನು ಎತ್ತೀಂದ್ರೆ...!"

ದೊಡ್ಡ ಸೊಸೆಯ ಆ ಕೂಗಿಗೆ ಅವಳ ಗಂಡ ಒಂದೇ ಕಾಲಿನ ಚಪ್ಪಲಿಯಲ್ಲಿ ಓಡಿ ಬಂದ. ಹಿತ್ತಿಲ ಬಾಗಿಲ ಕೆಳಗಿನಿಂದ ಕೆಂಪು ನೀರು ಕರೆಯದೆ ಬಂದ ನೆಂಟನ ಹಾಗೆ ನೇರ ಅಡುಗೆಮನೆಗೆ ನುಗ್ಗಿತ್ತು. ಅಲ್ಲಿ ಪಾತ್ರೆಗಳನ್ನೆಲ್ಲ ಮಾತಾಡಿಸಿಕೊಂಡು ನಡುಮನೆಗೆ ಬಂದು, ಈಗ ಅವಳ ಹೊಲಿಗೆ ಮೆಷಿನ್ನಿನ ಪೆಡಲಿಗೆ ಮುತ್ತಿಕ್ಕುತ್ತಿತ್ತು. ಶಾಲೆಯ ಮಕ್ಕಳಿಗೆಂದು ಅರ್ಧ ಹೊಲಿದಿಟ್ಟ ತಿಳಿನೀಲಿ ಅಂಗಿಗಳ ರಾಶಿಯಲ್ಲಿ ಕೆಳಗಿನವು ಆಗಲೇ ಮಣ್ಣಿನ ಬಣ್ಣಕ್ಕೆ ತಿರುಗಿದ್ದವು. ಗಂಡ ಹೆಂಡತಿ ಇಬ್ಬರೂ ಏದುಸಿರು ಬಿಡುತ್ತ ಮೆಷಿನ್ನನ್ನು ಎತ್ತಿ ನಾಲ್ಕು ಇಟ್ಟಿಗೆಗಳ ಮೇಲೆ ನಿಲ್ಲಿಸಿದರು. ಮಂಚದ ಮೇಲೆ ಕಾಲು ಮೇಲೆತ್ತಿಕೊಂಡು ಕೂತಿದ್ದ ಅತ್ತೆ ಮಾತ್ರ ದೋಣಿಯಲ್ಲಿ ಕೂತ ಯಜಮಾನಿಯ ಗತ್ತಿನಲ್ಲಿ ಇಬ್ಬರನ್ನೂ ನೋಡಿದರು.

"ನಾನು ಈ ಮನೆಗೆ ಬಂದಾಗಿಂದ ಒಂದು ಹನಿ ನೀರು ಹೊಸ್ತಿಲು ದಾಟಿರಲಿಲ್ಲ. ಈಗ ದಾಟ್ತಿದೆ ಅಂದ್ರೆ ಮನೆ ನೋಡ್ಕೊಳ್ಳೋರು ನೆಟ್ಟಗಿಲ್ಲ ಅಂತ!"

ದೊಡ್ಡ ಸೊಸೆ ಕೈಯಲ್ಲಿದ್ದ ಪೊರಕೆಯನ್ನು ನೀರಿಗೆ ಬಿಸಾಕಿದಳು. ಅದು ತೇಲಿಕೊಂಡು ಮಂಚದ ಕಡೆಗೇ ಹೋಯಿತು.

"ನೆಟ್ಟಗಿಲ್ಲದಿರೋದು ಮೇಲಿನ ಮನೆ ಅತ್ತೆ! ನಿಮ್ಮ ಚಿಕ್ಕ ಸೊಸೆ ಅಂಗಳ ಅಗಲ ಆಗ್ಲಿ ಅಂತ ಕಾಲುವೆ ಮುಚ್ಚಿಸಿದ್ಲಲ್ಲ, ಅದಕ್ಕೆ ಹೇಳಿ ಈ ಮಾತು! ಹೇಳಲ್ಲ ನೀವು... ಅವಳಿಗೆ ಯಾಕೆ ಹೇಳ್ತೀರಿ! ಬೈಸ್ಕೊಳ್ಳೋಕೆ ನಾನಿದೀನಲ್ಲ..." ಅವಳು ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಕೇಳ್ಕೊಳ್ಳಿ ಇಬ್ಬರೂ. ಇನ್ನೊಂದು ಸಲ ನೀರು ಒಳಗೆ ಬಂದ್ರೆ ನಾನು ಈ ಮನೇಲಿರಲ್ಲ. ಪೇಟೇಲಿ ಮಾರ್ಕೆಟ್ ಹಿಂದೆ ಒಂದು ರೂಮು ಖಾಲಿ ಇದೆಯಂತೆ. ರೀ, ನಾಳೇನೇ ಹೋಗಿ ಮಾತಾಡ್ಬನ್ನಿ!"

"ನೋಡೋಣ," ಎಂದ ಗಂಡ. ಅವನು ಬಸ್ಸಿನ ಡ್ರೈವರು. ರಸ್ತೆಯ ಮೇಲೆ ಯಾರಿಗೂ ದಾರಿ ಬಿಡದ ಮನುಷ್ಯ ಮನೆಯೊಳಗೆ ಎಲ್ಲರಿಗೂ ಸೈಡು ಕೊಟ್ಟೇ ಸಂಸಾರ ನಡೆಸುತ್ತಿದ್ದ.

"ಹೋಗೋರು ಹೋಗ್ಲಿ. ನಾನೇನು ಯಾರ ಕಾಲೂ ಹಿಡಿಯೋದಿಲ್ಲ," ಎಂದರು ಅತ್ತೆ. ಆದರೆ ಆ ದಿನ ಅವರ ಚಹಾ ಲೋಟದಲ್ಲೇ ಆರಿ ಕೆನೆ ಕಟ್ಟಿತು.

ಆ ಜಾಗವೇ ಇಳಿಜಾರು. ಮೇಲೆ ಗುಡ್ಡ, ಗುಡ್ಡದ ಬುಡಕ್ಕೆ ಕುರುಚಲು ಗಿಡಗಳ ಖಾಲಿ ನೆಲ, ಅದರ ಕೆಳಗೆ ಹಳೆಯ ಮನೆ. ಎರಡರ ನಡುವೆ ಅಡ್ಡಲಾಗಿ ಒಂದು ಹಳೆಯ ಮಣ್ಣಿನ ಕಾಲುವೆ. ಯಾರು ತೋಡಿದ್ದೋ ಯಾರಿಗೂ ಗೊತ್ತಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಗುಡ್ಡದ ನೀರು ಅದರೊಳಗೆ ಇಳಿದು, ಹಳೆಯ ಮನೆಯನ್ನು ಬಳಸಿಕೊಂಡು, ಕೆಳಗಿನ ತಗ್ಗಿಗೆ ಸದ್ದಿಲ್ಲದೆ ಹೋಗುತ್ತಿತ್ತು. ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟ ಚಿಕ್ಕ ಮಗ ಆ ಖಾಲಿ ನೆಲದ ಮೇಲೆ ಹೊಸ ಮನೆ ಕಟ್ಟಿಸಿದ. ಊರಿನವರ ಕಣ್ಣಿನ ದೋಷವನ್ನೆಲ್ಲ ಸರಿಪಡಿಸುವ ಅವನಿಗೆ ತನ್ನ ಜಾಗ ಯಾವ ಕಡೆ ಓರೆಯಾಗಿದೆ ಎಂದು ಕಾಣಲಿಲ್ಲ. ಗಿಡ ಕಡಿದರು, ನೆಲ ಮಟ್ಟ ಮಾಡಿದರು, ದೊಡ್ಡ ಶೀಟಿನ ಮಾಡು ಹೊದಿಸಿದರು, ಅಂಗಳಕ್ಕೆಲ್ಲ ಸಿಮೆಂಟು ಬಳಿದರು. ಮೊದಲಾದರೆ ಅರ್ಧ ಮಳೆಯನ್ನು ಮಣ್ಣೇ ಕುಡಿಯುತ್ತಿತ್ತು. ಈಗ ಬಿದ್ದದ್ದೆಲ್ಲ ಹರಿಯಿತು. ಹರಿಯಲು ಇದ್ದ ಒಂದು ಕಾಲುವೆಯೂ ಮನೆ ಮುಗಿಯುವ ಹೊತ್ತಿಗೆ ಮಣ್ಣು ತುಂಬಿ ಮಾಯವಾಗಿತ್ತು.

ಮುಚ್ಚಿಸಿದ್ದು ಚಿಕ್ಕವಳೇ ಎಂಬುದರಲ್ಲಿ ದೊಡ್ಡ ಸೊಸೆಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಕೇಳಿಬಿಡಬಹುದಿತ್ತು ನಿಜ. ಆದರೆ ಕೇಳಿದರೆ ಉತ್ತರ ಬರುತ್ತದೆ; ಕೇಳದಿದ್ದರೆ ಕೋಪವನ್ನು ಬೇಕಾದಷ್ಟು ದಿನ ಕೆಡದಂತೆ ಇಟ್ಟುಕೊಳ್ಳಬಹುದು. ಚಿಕ್ಕವಳೂ ಹಾಗೆಯೇ ಮುಖ ಊದಿಸಿಕೊಂಡಿದ್ದಳು. ಯಾಕೆಂದು ದೊಡ್ಡವಳಿಗೆ ತಿಳಿಯದು. ತಪ್ಪು ಮಾಡಿದವರ ಮುಖ ಹಾಗೇ ಇರುತ್ತದೆಂದು ಸಮಾಧಾನ ಮಾಡಿಕೊಂಡಿದ್ದಳು.

ಮರುದಿನ ಮಧ್ಯಾಹ್ನ ಮತ್ತೆ ಮೋಡ ಕವಿಯಿತು. ಗಂಡ ಕೆಲಸಕ್ಕೆ ಹೋಗಿದ್ದ. ಅತ್ತೆ ಕಿಟಕಿಯ ಕಡೆ ಬೆನ್ನು ಮಾಡಿ ಮಲಗಿದ್ದರು. ದೊಡ್ಡ ಸೊಸೆ ಹೊಲಿಗೆಯ ಮೂಲೆಯಲ್ಲಿದ್ದ ಚಿಂದಿಯ ಮೂಟೆ ಬಿಚ್ಚಿ, ತುಂಡುಬಟ್ಟೆಗಳನ್ನು ಬಣ್ಣದ ಪ್ರಕಾರ ಮೂರು ಚೀಲಕ್ಕೆ ತುಂಬಿದಳು: ಕೆಂಪು, ಹಳದಿ, ಹಸಿರು. ಸುಮ್ಮನೆ ಬಾಯಿ ಮಾತಿನ ಜಗಳ ಅವಳಿಗೆ ಸಾಕಾಗಿತ್ತು. ಇವತ್ತು ಚಿಕ್ಕವಳ ನೀರನ್ನು ಅವಳ ಕಣ್ಣೆದುರೇ ಹಿಡಿದು ತೋರಿಸಬೇಕು, ಆಮೇಲೆ ತಲೆ ಎತ್ತಿಕೊಂಡು ಮನೆ ಬಿಡಬೇಕು! ಮೊದಲ ದಪ್ಪ ಹನಿ ಬೀಳುತ್ತಿದ್ದಂತೆ ಕೊಡೆ ಹಿಡಿದು ಮೇಲಕ್ಕೆ ನಡೆದಳು. ಮಾಡಿನ ನೀರು ಧೋ ಎಂದು ಬೀಳುವ ಪೈಪಿನ ಬಾಯಲ್ಲಿ ಕೆಂಪು ಸುರಿದಳು. ಸಿಮೆಂಟಿನ ಅಂಗಳದ ತುಂಬ ಹಳದಿ ಎರಚಿದಳು. ಹಿಂದೆ ಗುಡ್ಡದ ಬುಡಕ್ಕೆ ಹೋಗಿ ಹಸಿರನ್ನೆಲ್ಲ ಚೆಲ್ಲಿ ತಿರುಗುವಷ್ಟರಲ್ಲಿ ಬಾಗಿಲು ತೆರೆಯಿತು.

ಚಿಕ್ಕ ಸೊಸೆ ಆಸ್ಪತ್ರೆಯಲ್ಲಿ ನರ್ಸು. ರಾತ್ರಿ ಪಾಳಿ ಮುಗಿಸಿ ಮಲಗಿದ್ದವಳು ಕಣ್ಣುಜ್ಜಿಕೊಂಡು ನಿಂತಳು.

"ಅಕ್ಕಾ! ಏನ್ರೀ ಇದು? ಮಳೇಲಿ ನಮ್ಮ ಅಂಗಳದಲ್ಲಿ ಏನ್ ಚೆಲ್ತಿದೀರಿ? ಮಾಟಗೀಟ ಮಾಡಿಸ್ತಿದೀರೋ ಹೇಗೆ?"

"ಸಾಕ್ಷಿ ಚೆಲ್ತಿದೀನಿ! ಧೈರ್ಯ ಇದ್ರೆ ನಮ್ಮ ಅಡುಗೆಮನೆಗೆ ಬಾ. ನಿನ್ನ ನೀರು ಯಾವ ಬಣ್ಣದಲ್ಲಿ ಬರುತ್ತೋ ನೋಡುವಂತೆ!"

"ಬರ್ತೀನಿ, ನಡೀರಿ! ನಂಗೇನ್ ಭಯ?"

ಒಂದೇ ಕೊಡೆಯ ಕೆಳಗೆ, ಒಬ್ಬರಿಗೊಬ್ಬರು ತಾಗದಂತೆ ಅರ್ಧರ್ಧ ನೆನೆದುಕೊಂಡು, ಇಬ್ಬರೂ ಇಳಿದು ಬಂದರು. ಹಿತ್ತಿಲ ಬಾಗಿಲಿಗೆ ಗೋಣಿಚೀಲ ಒತ್ತಿದ್ದರೂ ನೀರು ಆಗಲೇ ಒಳಗೆ ಬಂದಿತ್ತು. ಇಬ್ಬರೂ ಮೈಯೆಲ್ಲ ಕಣ್ಣಾಗಿ ಬಗ್ಗಿ ನಿಂತರು. ಮೊದಲು ಒಂದು ಹಸಿರು ತುಂಡು ಬಂತು. ಹಿಂದೆಯೇ ಇನ್ನೊಂದು ಹಸಿರು. ಆಮೇಲೆ ಕೆಂಪು, ಹಳದಿ, ಮತ್ತೆ ಹಸಿರು, ಹಸಿರು, ಹಸಿರು... ಒಲೆಯ ಕಟ್ಟೆಯ ಕೆಳಗೆ ತೋರಣದ ಹಾಗೆ ಸಾಲುಗಟ್ಟಿತು.

"ನೋಡಿದ್ಯಾ! ಕೆಂಪು ನಿನ್ನ ಮಾಡಿನ ನೀರು, ಹಳದಿ ನಿನ್ನ ಅಂಗಳದ್ದು!"

"ಒಪ್ಕೊಂಡೆ. ಹಸಿರು ಯಾರದ್ದು?"

"ಅದು... ಗುಡ್ಡದ್ದು."

"ಗುಡ್ಡವನ್ನೂ ನಾನೇ ಕಟ್ಟಿಸಿದ್ನಾ ಅಕ್ಕ? ಎಲ್ಲಕ್ಕಿಂತ ಜಾಸ್ತಿ ಅದೇ ಬಂದಿದೆ ನೋಡಿ! ಕಾಲುವೆ ಇದ್ದಿದ್ರೆ ಈ ಮೂರು ಬಣ್ಣವೂ ಅದರಲ್ಲೇ ಹೋಗ್ತಿತ್ತು. ಅದನ್ನ ಮುಚ್ಚಿಸಿ ಈಗ ನಮ್ಮ ಮೇಲೆ ಹಾಕ್ತೀರಲ್ಲ!"

"ಯಾರು ಮುಚ್ಚಿಸಿದ್ದು? ನೀನು ಮುಚ್ಚಿಸಿದ್ದು!"

"ನಾನಾ?! ಭಾವನವರಿಗೆ ಗಾಡಿ ತಿರುಗಿಸೋಕೆ ಜಾಗ ಬೇಕು ಅಂತ ನೀವು ಮುಚ್ಚಿಸಿದ್ದು! ನಾವು ಹೊಸ ಮನೆಗೆ ಕಾಲಿಡೋ ಮುಂಚೆ ನಮ್ಮನ್ನ ಒಂದು ಮಾತು ಕೇಳ್ಲಿಲ್ವಲ್ಲಾ ಅಂತ ಎಷ್ಟು ಅತ್ತಿದೀನಿ ಗೊತ್ತಾ ನಾನು..." ಚಿಕ್ಕವಳ ಕಣ್ಣು ತುಂಬಿತು.

ದೊಡ್ಡ ಸೊಸೆ ಇಷ್ಟು ದಿನ ಜೋಪಾನವಾಗಿ ಸಾಕಿದ ಕೋಪ ಒಮ್ಮೆಗೇ ವಿಳಾಸವಿಲ್ಲದೆ ನಿಂತಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಡುಮನೆಯಲ್ಲಿ ಅತ್ತೆಯ ಗೊರಕೆ ಇದ್ದಕ್ಕಿದ್ದಂತೆ ಬಹಳ ಜೋರಾಯಿತು.

ಮಳೆ ನಿಂತ ಮೇಲೆ ಹೊಸ ಮನೆ ಕಟ್ಟಿದ ಮೇಸ್ತ್ರಿಯನ್ನು ಕರೆಸಿದರು. ಊರಿಗೆಲ್ಲ ಅವನು 'ಆಯ್ತು-ಬಿಡಿ ಮೇಸ್ತ್ರಿ'. ಯಾರು ಏನೇ ಹೇಳಲಿ, "ಆಯ್ತು ಬಿಡಿ" ಎಂದು ಅದನ್ನೇ ಮಾಡುವುದು ಅವನ ಕಸುಬಿನ ರೀತಿ. ಮೊದಲು ಹೇಳಿದವರ ಮಾತಿಗೂ ಆಮೇಲೆ ಹೇಳಿದವರ ಮಾತಿಗೂ ತಾಳೆ ನೋಡುವುದು ಅವನ ಕೆಲಸವಲ್ಲ. ಪೈಪಿನ ಬಾಯಿ ಕೆಳಗೆ ತಿರುಗಿಸು ಎಂದು ಚಿಕ್ಕ ಮಗ ಹೇಳಿದ್ದ, ಆಯ್ತು ಬಿಡಿ. ಅಂಗಳಕ್ಕೆ ಸಿಮೆಂಟು ಎಂದು ಚಿಕ್ಕ ಸೊಸೆ ಹೇಳಿದ್ದಳು, ಆಯ್ತು ಬಿಡಿ.

"ಕಾಲುವೆ ಮುಚ್ಚು ಅಂದೋರು ಯಾರು?" ಎಂದು ಇಬ್ಬರೂ ಒಟ್ಟಿಗೇ ಕೇಳಿದರು.

ಮೇಸ್ತ್ರಿ ತಲೆಯ ಟವೆಲು ತೆಗೆದು ಮುಖ ಒರೆಸಿಕೊಂಡ. "ಅಮ್ಮನೋರೇ ಹೇಳಿದ್ದು. ಒಂದಿನ ಬೆಳಿಗ್ಗೆ ಬಂದು, ಇದನ್ನ ಕಾಣದ ಹಾಗೆ ಮುಚ್ಚಿಬಿಡಪ್ಪ ಅಂದ್ರು. ನಿಮಗೆಲ್ಲ ಗೊತ್ತಿರುತ್ತೆ ಅಂದ್ಕೊಂಡೆ..."

ಗೊರಕೆ ನಿಂತಿತು. ಅತ್ತೆ ಎದ್ದು ಕೂತಿದ್ದರು.

"ಹೌದು, ನಾನೇ ಮುಚ್ಚಿಸಿದ್ದು! ಏನೀಗ? ನನ್ನ ಮನೆ ಕಾಲುವೆ ಮುಚ್ಚಿಸೋಕೆ ಯಾರ ಅಪ್ಪಣೆ ಬೇಕು ನಂಗೆ?" ಎಂದು ಗದರಿದರು. ಆದರೆ ದನಿ ಅರ್ಧ ದಾರಿಯಲ್ಲೇ ಒಡೆಯಿತು.

"ಯಾಕತ್ತೆ?..." ದೊಡ್ಡ ಸೊಸೆ ಮೆಲ್ಲಗೆ ಕೇಳಿದಳು. "ಇಷ್ಟು ದಿನ ನಾನು ಇವಳನ್ನ ಬೈತಿದ್ದಾಗ್ಲೂ ಸುಮ್ಮನಿದ್ರಲ್ಲ, ಯಾಕೆ?"

"ಹಾಲಿನವನು ಕೇಳಿದ ಕಣೇ! 'ಕಾಲುವೆ ಆಚೆ ಚಿಕ್ಕೋರದ್ದು, ಈಚೆ ದೊಡ್ಡೋರದ್ದು, ಅಲ್ವೇನಮ್ಮಾ? ಪಾಲಾಯ್ತಾ?' ಅಂತ. ಬಂದೋರೆಲ್ಲ ಅದೇ ಕೇಳೋರು... ನನ್ನ ತವರಲ್ಲಿ ಮೊದಲು ಒಂದು ಗೆರೆ ಬಂತು. ಆಮೇಲೆ ಗೆರೆ ಮೇಲೆ ಬೇಲಿ ಬಂತು. ಕೊನೆಗೆ ನನ್ನ ದೊಡ್ಡಣ್ಣನ ಹೆಣ ಅಂಗಳದಲ್ಲಿದ್ದಾಗ ಚಿಕ್ಕಣ್ಣ ಬೇಲಿಯಾಚೆ ನಿಂತು ನೋಡಿದ... ದಾಟಿ ಬರಲಿಲ್ಲ! ನನ್ನ ಮಕ್ಕಳ ಮಧ್ಯೆ ಅಂಥ ಗೆರೆ ಬೇಡ ಅಂತ ಮುಚ್ಚಿಸಿದೆ. ನೀರು ಬಂದಾಗ ಬಾಯಿ ಬಿಡೋಕೆ ಭಯ ಆಯ್ತು... ಇನ್ನು ನೀವು ಹೋಗಿ, ಎಲ್ಲಾದ್ರೂ ಚೆನ್ನಾಗಿರಿ! ನನ್ನ ಕೈಯಾರೆ ಮನೆ ಒಡೆದೆನಲ್ಲಾ..."

ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅವರು ಬಿಕ್ಕಿದರು. ಇಷ್ಟು ವರ್ಷದಲ್ಲಿ ಅತ್ತೆ ಅತ್ತದ್ದನ್ನು ದೊಡ್ಡ ಸೊಸೆ ನೋಡಿರಲಿಲ್ಲ. ಅಳಿಸಿದ್ದನ್ನು ಮಾತ್ರ ನೋಡಿದ್ದಳು. ಅವಳ ನಾಲಗೆಯ ತುದಿಯಲ್ಲಿ ಹರಿತವಾದ ನಾಲ್ಕು ಮಾತು ಸಿದ್ಧವಾಗಿದ್ದವು. ಇಂಥ ಅವಕಾಶ ಯಾವ ಸೊಸೆಗೂ ದಿನಾ ಸಿಗುವುದಿಲ್ಲ. ಅವಳು ಆ ನಾಲ್ಕನ್ನೂ ನುಂಗಿ ಮಂಚದ ಅಂಚಿಗೆ ಕೂತಳು.

"ಅತ್ತೆ, ಕಾಲುವೆ ಇದ್ದಾಗ ನಾನೂ ಇವಳೂ ದಿನಾ ಮಾತಾಡ್ತಿದ್ವಿ. ಬಿಟ್ಟಿದ್ದು ಮುಚ್ಚಿದ ಮೇಲೆ. ಅದು ಗೆರೆ ಅಲ್ಲ ಅತ್ತೆ, ನೀರಿನ ದಾರಿ. ಅದಕ್ಕೆ ದಾರಿ ಕೊಡದಿದ್ರೆ ನಮ್ಮ ಒಲೆ ಹತ್ರಾನೇ ಬಂದು ಕೂರುತ್ತೆ. ನೋಡಿ, ಮಾಡಿನ ನೀರೂ ಅಂಗಳದ ನೀರೂ ಗುಡ್ಡದ ನೀರೂ ಸೇರಿ ಅಲ್ಲಿ ಒಟ್ಟು ಕುಟುಂಬ ಮಾಡಿವೆ."

ಚಿಕ್ಕವಳು ಅಳುತ್ತಲೇ ನಕ್ಕಳು. ಅತ್ತೆ ಸೆರಗಿನ ಹಿಂದಿನಿಂದ ಒಂದು ಕಣ್ಣಿನಲ್ಲಿ ನೋಡಿದರು.

"ಹಂಗಾದ್ರೆ ತೋಡ್ಸಿ. ಆದ್ರೆ ಅದರ ಮೇಲೆ ಒಂದು ಕಲ್ಲಿನ ಹಾಸು ಹಾಕ್ಬೇಕು. ಅಗಲವಾದ್ದು."

"ಎಷ್ಟು ಅಗಲಮ್ಮಾ?" ಎಂದ ಮೇಸ್ತ್ರಿ.

"ನಾನು, ನನ್ನ ಜೊತೆ ಜಗಳ ಆಡೋರು, ಇಬ್ಬರೂ ಪಕ್ಕಪಕ್ಕ ನಡೆಯೋವಷ್ಟು!"

"ಆಯ್ತು ಬಿಡಿ."

ಅಣ್ಣ ತಮ್ಮ ಇಬ್ಬರೂ ರಜೆ ಹಾಕಿದರು. ಹೊಸ ಕಾಲುವೆ ಹಳೆಯದಕ್ಕಿಂತ ಅಗಲವಾಯಿತು. ಇಕ್ಕೆಲಕ್ಕೂ ಬೇರುಸಹಿತ ಕಿತ್ತ ಹುಲ್ಲಿನ ಹೆಂಟೆ ಕೂರಿಸಿ, ತಿರುವಿನಲ್ಲಿ ಮಣ್ಣು ಕೊಚ್ಚದಂತೆ ಕಲ್ಲು ಹಾಸಿದರು. ಚಿಕ್ಕ ಸೊಸೆ ತಾನೇ ಮುಂದೆ ನಿಂತು ಅಂಗಳದ ಅರ್ಧ ಸಿಮೆಂಟು ಒಡೆಸಿ ಮಣ್ಣು ಬಿಡಿಸಿದಳು. ಮಾಡಿನ ಪೈಪಿಗೆ ಜಲ್ಲಿ ತುಂಬಿದ ಇಂಗುಗುಂಡಿ ಸಿಕ್ಕಿತು. ಕಾಲುವೆಯ ಬಾಲವನ್ನು ಕೆಳಗಿನ ತೋಟದವರ ಕಡೆ ಬಿಟ್ಟುಬಿಡೋಣ, ಕೆಲಸ ಬೇಗ ಮುಗಿಯುತ್ತದೆ ಎಂದ ಮೇಸ್ತ್ರಿ.

"ನಮ್ಮ ಅಡುಗೆಮನೆ ಕಷ್ಟಾನ ಅವರ ಅಡುಗೆಮನೆಗೆ ಸಾಗಿಸೋದಾ? ಬೇಡ, ನಮ್ಮ ತಗ್ಗಲ್ಲೇ ಹೊಂಡ ತೋಡು, ಅಲ್ಲೇ ನಿಂತು ಇಂಗ್ಲಿ," ಎಂದಳು ದೊಡ್ಡ ಸೊಸೆ. ಅತ್ತೆ ಕುರ್ಚಿ ಹಾಕಿಕೊಂಡು ಮೇಲ್ವಿಚಾರಣೆ ನಡೆಸಿದರು. ಪ್ರತಿಯೊಂದು ಕಲ್ಲೂ ಅವರ ಲೆಕ್ಕದಲ್ಲಿ ಓರೆಯಾಗಿತ್ತು.

ಕೊನೆಗೆ ಅದು ಬಂತು, ಒಂದು ರಜೆಯ ಮಧ್ಯಾಹ್ನ, ಆಕಾಶವೇ ಕಳಚಿದಂಥ ಮಳೆ. ಐದೂ ಜನ ಹಿತ್ತಿಲ ಬಾಗಿಲಲ್ಲಿ ಒತ್ತಿಕೊಂಡು ನಿಂತರು. ದೊಡ್ಡ ಸೊಸೆ ಸೆರಗಿನ ತುದಿಯನ್ನು ಹಗ್ಗದಂತೆ ಹೊಸೆಯುತ್ತಿದ್ದಳು. ಗುಡ್ಡದ ಕೆಂಪು ನೀರು ನೊರೆಗಟ್ಟಿ ಇಳಿಯಿತು, ಕಾಲುವೆಗೆ ಬಿತ್ತು, ಏರಿತು... ಇನ್ನೂ ಏರಿತು... ತಿರುವಿನ ಕಲ್ಲಿಗೆ ಬಡಿದು, ಹಳೆಯ ಅಭ್ಯಾಸದಂತೆ ಒಮ್ಮೆ ಈ ಮನೆಯ ಕಡೆ ಕತ್ತು ಚಾಚಿತು. ಆಮೇಲೆ ಏನನ್ನೋ ನೆನೆಸಿಕೊಂಡ ಹಾಗೆ ಪಕ್ಕಕ್ಕೆ ಹೊರಳಿ, ಮನೆಯನ್ನು ಬಳಸಿ, ಕೆಳಗಿನ ಹೊಂಡಕ್ಕೆ ಗುಳುಗುಳು ಎಂದು ಇಳಿದುಹೋಯಿತು. ಎಲ್ಲೋ ಬೇರಿಗೆ ಸಿಕ್ಕಿ ಉಳಿದಿದ್ದ ಒಂದು ಹಸಿರು ತುಂಡುಬಟ್ಟೆ ಬಾಗಿಲ ಮುಂದೆಯೇ ತೇಲಿ ಬಂದು, ನಿಲ್ಲದೆ ಸಾಗಿತು.

"ಹೋಯ್ತು!" ಎಂದಳು ಚಿಕ್ಕವಳು, ದೊಡ್ಡವಳ ತೋಳು ಹಿಡಿದು. "ಅಕ್ಕಾ, ಹೋಯ್ತು!"

ದೊಡ್ಡ ಸೊಸೆ ಹೊಸ್ತಿಲ ಒಳಗಿನ ನೆಲವನ್ನು ಬಗ್ಗಿ ಕೈಯಿಂದ ಮುಟ್ಟಿ ನೋಡಿದಳು. ಒಣಗಿತ್ತು. ಇನ್ನೊಂದು ಸಲ ಮುಟ್ಟಿದಳು. ಕಣ್ಣಲ್ಲಿ ನೀರು ಬಂದುಬಿಟ್ಟಿತು. ಇವತ್ತು ಈ ಮನೆಯೊಳಗೆ ಬಂದ ನೀರೆಂದರೆ ಅದೊಂದೇ.

"ರೀ... ಆ ರೂಮಿನವರಿಗೆ ಬೇಡ ಅಂತ ಫೋನು ಮಾಡಿಬಿಡಿ."

ಡ್ರೈವರು ತಲೆ ಕೆರೆದುಕೊಂಡ. "ಯಾವ ರೂಮು? ನಾನು ಕೇಳೇ ಇರಲಿಲ್ವಲ್ಲ. ನೋಡೋಣ ಅಂದಿದ್ದೆ, ಅಷ್ಟೇ."

ಅವಳು ಬೈಯಲೆಂದು ಬಾಯಿ ತೆರೆದಳು. ಬಂದದ್ದು ನಗು.

ಗಂಡ, ಮೈದುನ ಇಬ್ಬರೂ ಸೇರಿ ಮೆಷಿನ್ನನ್ನು ಇಟ್ಟಿಗೆಗಳ ಮೇಲಿಂದ ಇಳಿಸಿದರು. ಅದು ನೆಲಕ್ಕೆ ಕೂತ ಸದ್ದಿಗೆ ಅವಳ ಬೆನ್ನಿನ ಬಿಗುವೆಲ್ಲ ಸಡಿಲವಾಯಿತು. ಮಳೆ ಸಣ್ಣಗಾಗಿತ್ತು. ಹೊಸ ಮನೆಯ ಚಹಾ ಹೇಗಿರುತ್ತೋ ನೋಡಿ ಬರುತ್ತೇನೆಂದು ಅತ್ತೆ ಚಿಕ್ಕವಳ ಜೊತೆ ಹೊರಟರು. ದೊಡ್ಡ ಸೊಸೆ ಸೂಜಿಗೆ ದಾರ ಪೋಣಿಸುತ್ತ ಕಿಟಕಿಯಿಂದ ನೋಡಿದಳು. ಕಲ್ಲಿನ ಹಾಸಿನ ಮೇಲೆ ಎರಡು ಕೊಡೆಗಳು ಪಕ್ಕಪಕ್ಕ ನಿಂತುಬಿಟ್ಟಿದ್ದವು; ಕೆಳಗೆ ನೀರು ಹರಿಯುತ್ತಿತ್ತು.

"ಈ ಕಲ್ಲು ಓರೆ ಇದೆ ಅಂತ ನಾನು ಅವತ್ತೇ ಹೇಳಿದ್ದೆ!"

"ಓರೆ ಇಲ್ಲ ಅತ್ತೆ, ನಿಮ್ಮ ಕನ್ನಡಕ ಓರೆ! ನಿಮ್ಮ ಮಗನಿಗೆ ಹೇಳಿ ಬದಲಾಯಿಸ್ಕೊಳ್ಳಿ!"

ಜಗಳ ಸೊಗಸಾಗಿ ಸಾಗುತ್ತಿತ್ತು. ಅಗಲ ಸಾಕಾಗಿತ್ತು. ಅವಳು ತಿಳಿನೀಲಿ ಬಟ್ಟೆಯನ್ನು ಸೂಜಿಯ ಕೆಳಗೆ ಸರಿಸಿ, ಪೆಡಲು ಒತ್ತಿದಳು.