ಹುಲ್ಲಿನೊಳಗಿನ ವೈರು

ನನ್ನೊಳಗೆ ಏನೋ ಹೊಕ್ಕಿದೆ.

ಭಾರತಿ ಇದನ್ನು ಮನಸ್ಸಿನಲ್ಲೇ ಹೇಳಿಕೊಂಡಳು. ಬೆಳಿಗ್ಗೆ ಕತ್ತಲ ಕೋಣೆಯಲ್ಲಿ ಸ್ವೆಟರ್ ತೊಡುವಾಗ ಚಟಚಟ ಸದ್ದಾಗಿ ನೀಲಿ ಕಿಡಿಗಳು ಹಾರಿದ್ದವು. ಅವ್ವನಿಗೂ ಹೇಳಿರಲಿಲ್ಲ.

ಈಗ ಅವಳ ಎದುರು, ಗೊರೇಬಾಳದ ಕೊಯ್ಲಾದ ಗದ್ದೆಯಲ್ಲಿ, ಎರಡು ಸೀಟಿನ ಬಿಳಿ ವಿಮಾನ ನಿಂತಿತ್ತು. ಒಣ ಗಾಳಿ ಅದರ ರೆಕ್ಕೆಯಡಿ ನುಗ್ಗಿ ಯಾರೋ ನರಳಿದಂತೆ ಸದ್ದು ಮಾಡುತ್ತಿತ್ತು. ಸುತ್ತ ಒಂದು ಕಾಗೆಯೂ ಇರಲಿಲ್ಲ.

ಕಾಲುವೆಯ ಸರ್ವೆಗೆ ಬಂದ ವಿಮಾನ ಅದು. ಪೆಟ್ರೋಲ್ ತುಂಬುವುದು ಅಪ್ಪ ಪಂಪಾಪತಿಯ ಕೆಲಸ. ಡ್ರಮ್ಮು, ವಿಮಾನ, ನೆಲಕ್ಕೆ ಬಡಿದ ಕಬ್ಬಿಣದ ಸಲಾಕೆ, ಮೂರಕ್ಕೂ ಒಂದೇ ವೈರಿನ ಕ್ಲಿಪ್ ಹಾಕುವುದು ಭಾನುವಾರ ಭಾರತಿಯ ಪಾಲು.

"ಕ್ಲಿಪ್ ಹಾಕೀಯೇನವಾ?"

"ಹಾಕೀನಪ್ಪಾ."

ನಿಜವಾಗಿಯೂ ಹಾಕಿದ್ದಳು. ಅಪ್ಪ ಪಂಪ್ ತರಲು ಶೆಡ್ಡಿಗೆ ಹೋದ. ಅಷ್ಟರಲ್ಲಿ ಕಾಲುವೆ ಏರಿಯ ಮೇಲೆ ಧೂಳೆಬ್ಬಿಸುತ್ತ ಒಂದು ಜೀಪ್ ಬಂತು.

ಭಾರತಿಯ ಓಣಿಯಲ್ಲಿ ಕರೆಂಟ್ ಆಫೀಸಿನವರ ಜೀಪ್ ಕಂಡರೆ ದೊಡ್ಡವರು ಕಂಬಕ್ಕೆ ಕದ್ದು ಹಾಕಿದ ಕರೆಂಟಿನ ಹುಕ್ ಇಳಿಸುತ್ತಾರೆ, ಮಕ್ಕಳು ವೈರ್ ಬಚ್ಚಿಡುತ್ತಾರೆ. ಯೋಚಿಸುವ ಮೊದಲೇ ಅವಳ ಕೈ ಮೂರೂ ಕ್ಲಿಪ್ ಕಿತ್ತು, ವೈರನ್ನು ಹುಲ್ಲಿನ ರಾಶಿಗೆ ತುರುಕಿತ್ತು.

ಜೀಪಿನಿಂದ ಇಳಿದದ್ದು ಪೈಲಟ್ ಆರ್ಜೂ ಮೇಡಂ.

"ಯಾಕಬೇ, ದೆವ್ವ ಕಂಡಂಗ ನಿಂತೀದಿ? ವಿಮಾನ ಏನ್ ಕಚ್ಚೂದಿಲ್ಲ!"

"ಏನಿಲ್ರೀ ಮೇಡಂ."

ಹೇಳಿದರೆ ಮನೆಯ ಹುಕ್ಕಿನ ಸುದ್ದಿಯೂ ಹೊರಬರುತ್ತದೆ. ಮೇಡಂ ಎದುರು ಅಪ್ಪ ತಲೆ ತಗ್ಗಿಸಬೇಕಾಗುತ್ತದೆ.

ಅಪ್ಪ ಬಂದು ಡ್ರಮ್ಮಿಗೆ ಪಂಪ್ ಇಳಿಸಿದ. ಮಗಳು ಹಾಕಿದ್ದಾಳಲ್ಲ ಎಂದು ವೈರಿನ ಕಡೆ ನೋಡಲೇ ಇಲ್ಲ.

"ಅಪ್ಪಾ," ಭಾರತಿ ಹುಲ್ಲಿನ ರಾಶಿಯತ್ತ ನೋಡುತ್ತ ಕೇಳಿದಳು, "ಕ್ಲಿಪ್ ಯಾಕ ಹಾಕ್ತಾರ?"

"ಪೈಪಿನಾಗ ಪೆಟ್ರೋಲ್ ಹರಿಯುವಾಗ ಕರೆಂಟ್ ಹುಟ್ಟತೈತಿ. ಮಣ್ಣಿಗಿಳಿಯಾಕ ದಾರಿ ಸಿಗಲಿಲ್ಲಂದ್ರ ಕಿಡಿಯಾಗಿ ಜಿಗೀತೈತಿ. ಚಳಿಗಾಲದಾಗ ನಿನ್ನ ಸ್ವೆಟರ್ ಚಟಚಟ ಅನ್ನೂದಿಲ್ಲೇನು? ಅದ ಕಿಡಿ."

ಹಾಗಾದರೆ ಅವಳೊಳಗೆ ಏನೂ ಹೊಕ್ಕಿರಲಿಲ್ಲ. ಭಾರತಿಗೆ ಒಂದು ಕ್ಷಣ ಹಗುರವೆನಿಸಿತು. ಮರುಕ್ಷಣ ತೋಳಿನ ರೋಮಗಳೆಲ್ಲ ನೆಟ್ಟಗೆ ನಿಂತವು. ಬೆಳಗಿನ ಆ ನೀಲಿ ಕಿಡಿ ಈಗ ಎಲ್ಲಿ ಕಾದು ಕೂತಿದೆ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು.

ಮೇಡಂ ಟ್ಯಾಂಕಿನ ಮುಚ್ಚಳಕ್ಕೆ ಕೈ ಹಾಕಿದರು. ಅಪ್ಪ ಪಂಪಿನ ಹಿಡಿ ಮೇಲೆತ್ತಿದ.

"ಅಪ್ಪಾ, ಬ್ಯಾಡ! ಕ್ಲಿಪ್ ಇಲ್ಲ. ಜೀಪ್ ನೋಡಿ ನಮ್ಮ ಮನಿ ಹುಕ್ಕಿನ ವೈರ್ ಬಚ್ಚಿಟ್ಟಂಗ, ನಾನ ಕಿತ್ತು ಹುಲ್ಲಿನಾಗ ಬಚ್ಚಿಟ್ಟೀನಿ."