ಗಾಳಿದೋಣಿ ಹರಿದವರು ಯಾರು?

ನಡುರಾತ್ರಿ ಕಾಲುವೆಗೆ ತಾಗಿದ ಹಿತ್ತಿಲ ಕಡೆಯಿಂದ ಸಣ್ಣದೊಂದು ಸದ್ದು— ಸುಸ್ಸ್. ಸೊಸೆ ಕಣ್ಣು ಬಿಟ್ಟಳು. ಈ ಹೊತ್ತಿನಲ್ಲಿ ಕುಕ್ಕರ್ರೇ? ಮೂರು ಸಲ ಚಿಲಕ ಮುಟ್ಟಿ ನೋಡಿ ಮಲಗುವ ಹೆಂಗಸು ಅವಳು. ಎದ್ದು ನೋಡಲು ಮಾತ್ರ ಧೈರ್ಯ ಸಾಲಲಿಲ್ಲ.

ಬೆಳಿಗ್ಗೆ ಗಂಡ ಗಾಳಿ ತುಂಬುವ ಕಯಾಕ್ ದೋಣಿಯನ್ನು ಚೀಲದಿಂದ ತೆಗೆದು ಹಿತ್ತಿಲಲ್ಲಿ ಹಾಸಿದ. ಹತ್ತು ಗಂಟೆಗೆ ಕೊಳ್ಳುವವರು ಬರುವವರಿದ್ದರು. ಎಷ್ಟು ಪಂಪು ಒತ್ತಿದರೂ ಎಡಮಗ್ಗುಲು ಏಳಲಿಲ್ಲ. ಅಲ್ಲಿ ಗೇಣುದ್ದ ಸೀಳು.

"ಕತ್ತರಿ ಇರೋದು ಈ ಮನೇಲಿ ಒಬ್ಬಳ ಕೈಲಿ," ಎಂದ.

ಅವಳಿಗೆ ಸಿಡಿಲು ಬಡಿದಂತಾಯಿತು. ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವವಳು ಅವಳೇ. ಗಾಳಿ ತುಂಬಲು ಅರ್ಧ ಗಂಟೆ, ಒಣಗಿಸಲು ಅರ್ಧ ದಿನ, ಒದ್ದೆ ಮಡಿಚಿದರೆ ಮುಗ್ಗಲು ವಾಸನೆ ಎಂದು ಜಗಳವಾಡಿದವಳೂ ಅವಳೇ. ಮಂಚದಡಿ ಹಿಡಿಸುತ್ತೆ, ಚೀಲಕ್ಕೆ ಚಕ್ರ ಇದೆ, ಮಗುವೂ ಎಳೆದೊಯ್ಯಬಹುದು ಎಂದು ಅವನ ವಾದ. ಒಂದು ಮುಳ್ಳು ಚುಚ್ಚಿದರೆ ಅದರ ಆಯಸ್ಸು ಮುಗೀತು ಎಂದು ಅತ್ತೆಯ ಒಗ್ಗರಣೆ. ಸಾಕಾಗಿ ಮಾರಲು ಒಪ್ಪಿದ್ದ.

"ಮಾರ್ತೀನಿ ಅಂದಮೇಲೂ ಹೊಟ್ಟೆ ತಣ್ಣಗಾಗಲಿಲ್ವಾ? ಇನ್ನು ನಿನ್ನನ್ನ ಹ್ಯಾಗೆ ನಂಬಲಿ?" ಎಂದು ಕೊಳ್ಳುವವರಿಗೆ ಸಮಾಧಾನ ಹೇಳಲು ಬೀದಿಗೆ ಹೊರಟುಹೋದ.

ಅವಳು ಸೀಳಿನ ಮುಂದೆ ಕುಕ್ಕರಿಸಿದಳು. ಕತ್ತರಿಯಾಗಿದ್ದರೆ ಅಂಚು ನೇರವಾಗಿರಬೇಕಿತ್ತು. ಇಲ್ಲಿ ಎಳೆಗಳು ಗಡ್ಡದಂತೆ ಜೋತಿದ್ದವು— ಯಾವುದಕ್ಕೋ ಸಿಕ್ಕಿ ಹರಿದದ್ದು. ಮಡಿಕೆಯೊಳಗೆ ಕೈಯಿಟ್ಟಳು. ಒದ್ದೆ! ಗಂಡ ಇದನ್ನು ಮುಟ್ಟಿ ಮೂರು ತಿಂಗಳಾಗಿದೆ.

ಆಗ ಪಾದ ಊರುವ ದಿಂಬು ಕಣ್ಣಿಗೆ ಬಿತ್ತು. ಉದ್ದ ಕಾಲಿನ ಗಂಡ ಅದನ್ನು ಕೊನೆಯ ಕೊಂಡಿಗೇ ಕಟ್ಟುತ್ತಿದ್ದ. ಈಗ ಅದು ಎರಡನೆಯದರಲ್ಲಿತ್ತು. ಕೊರಳಲ್ಲಿದ್ದ ಅಳತೆ ಟೇಪು ತೆಗೆದು ಸೀಟಿನಿಂದ ಅಳೆದಳು. ಮೂವತ್ತಮೂರು ಇಂಚು. ಹೋದ ತಿಂಗಳು ಪೈಜಾಮ ಹೊಲಿಯುವಾಗ ಇದೇ ಅಳತೆ ಬರೆದುಕೊಂಡಿದ್ದಳು. ಯಾರದು? ನೆನಪಾದದ್ದೇ ಟೇಪು ಸುತ್ತಿಕೊಂಡು ಒಳಗೆ ನಡೆದಳು.

ಬಚ್ಚಲಿಗೆ ಹೋಗಲೂ ಊರುಗೋಲು ಬೇಕೆನ್ನುವ ಅತ್ತೆ ಮಂಚದ ಮೇಲೆ ಕೂತಿದ್ದರು.

"ಅತ್ತೆ, ರಾತ್ರಿ ಕಾಲುವೆಗೆ ಹೋಗಿದ್ರಾ?"

ಅತ್ತೆ ಊರುಗೋಲನ್ನು ಹತ್ತಿರ ಎಳೆದುಕೊಂಡರು.

"ಅದು ಕತ್ತರಿಸಿದ್ದಲ್ಲ, ಹರಿದದ್ದು. ರಾತ್ರಿ ನಾನು ಕೇಳಿದ್ದು ಗಾಳಿ ಬಿಟ್ಟ ಸದ್ದು. ಅಷ್ಟರಿಂದ ಯಾರಂತ ಗೊತ್ತಾಗ್ತಿರಲಿಲ್ಲ. ಆದರೆ ದಿಂಬನ್ನ ವಾಪಸ್ ಕಟ್ಟೋದು ಮರೆತಿರಿ. ಅದು ನಿಮ್ಮ ಕಾಲಿನ ಅಳತೆ."

"ಕಾಲುವೆ ಮೆಟ್ಟಿಲ ಮೊಳೆ ತಾಗಿಬಿಡ್ತು. ಗಾಬರಿಯಾಯ್ತು," ಎಂದರು ಅತ್ತೆ ಮೆಲ್ಲಗೆ. "ಮಾರ್ತಾನಲ್ಲ, ಕೊನೇ ಸಲ ಅಂತ ಹೋದೆ."

"ಕೊನೇ ಸಲ? ಹಾಗಾದ್ರೆ ಮೊದಲೂ—"

"ನೀರಿಗಿಳಿದರೆ ನನಗೆ ಮೊಣಕಾಲ ನೋವೇ ಇಲ್ಲ ಕಣೇ."

"ಮುಳುಗಿದ್ದರೆ?"

"ಅದಕ್ಕೆ ಗಾಳಿ ತುಂಬೋ ಮೂರು ಹೊಟ್ಟೆ. ಒಂದು ಒಡೆದರೆ ಎರಡು ಕಾಯ್ತವೆ."

"ಮತ್ತೆ ಅಷ್ಟೊಂದು ಬೈತಿದ್ರಿ?"

"ಬೈಯೋರ ಮೇಲೆ ಯಾರಿಗೆ ಅನುಮಾನ ಬರುತ್ತೆ?" ಅತ್ತೆ ಬಾಗಿಲ ಕಡೆ ನೋಡಿದರು. "ಅವನಿಗೆ ಗೊತ್ತಾದರೆ ಹಿತ್ತಿಲ ಬಾಗಿಲಿಗೆ ಬೀಗ. ಆಮೇಲೆ ನನಗೆ ಈ ಮಂಚ ಒಂದೇ."

"ಇನ್ನು ಹೋಗೋದಾದ್ರೆ ನನ್ನ ಎಬ್ಬಿಸಿ," ಎಂದಳು ಸೊಸೆ.

ಹಿತ್ತಿಲಿಗೆ ಬಂದು ದಿಂಬು ಬಿಚ್ಚಿ, ಕೊನೆಯ ಕೊಂಡಿಗೆ ಬಿಗಿದು ಕಟ್ಟಿದಳು. ಗೇಟು ಕಿರುಗುಟ್ಟಿತು. ಹರಿದದ್ದು ಬೇಡವೆಂದು ಕೊಳ್ಳುವವರು ಬೀದಿಯಿಂದಲೇ ಹೋಗಿದ್ದರು. ಗಂಡ ಅವಳ ಮುಖವನ್ನೇ ನೋಡುತ್ತ ನಿಂತ. ನಿಜ ನಾಲಿಗೆಯ ತುದಿಯಲ್ಲಿತ್ತು. ಅವಳು ಅದನ್ನು ನುಂಗಿದಳು— ಇವನಿಗೂ ಹೇಳಲಾರಳು, ಇನ್ನು ಯಾರಿಗೂ.

"ಕತ್ತರಿ ನನ್ನದೇ ರೀ," ಎಂದಳು. "ತೇಪೆನೂ ನಾನೇ ಹಾಕ್ತೀನಿ."