ಎರಡನೆಯ ಕೆಮ್ಮು

ಇದು ನಡೆದದ್ದು ಸಾವಿರದ ಒಂಬೈನೂರ ಐವತ್ತನಾಲ್ಕರಲ್ಲಿ, ಮುಂಬಯಿಯ ದಾದರಿನ ಒಂದು ಸ್ಟುಡಿಯೋದಲ್ಲಿ, ಹಾಡುಹಗಲಲ್ಲಿ. ಹಾಸ್ಯನಟ ವಾಮನರಾಯರು ತೀರಿಕೊಂಡಿದ್ದರು. ಅವರ ಕೊನೆಯ ಸಿನಿಮಾದ ಒಂದು ದೃಶ್ಯಕ್ಕೆ ದನಿ ಕೂಡಿಸುವುದು ಬಾಕಿ ಉಳಿದಿತ್ತು. ಅವರ ದನಿ ತೆಗೆಯಬಲ್ಲವನು ಮಾಟುಂಗದ ಮಿಮಿಕ್ರಿ ದೂಜನೊಬ್ಬನೇ ಎಂದು ಅವನನ್ನು ಕರೆಸಿದರು.

“ರಾಯರ ಕೆಮ್ಮು ಸಿಕ್ಕಿದ್ರೆ ಆಯ್ತು ಮಾರಾಯ್ರೆ, ಮಾತು ಹಿಂದಿನಿಂದ ತಾನೇ ಬರ್ತದೆ,” ಎಂದು ದೂಜ ಒಬ್ಬನೇ ಒಳಹೋಗಿ ಮೈಕಿನ ಮುಂದೆ ನಿಂತ. ಸದ್ದಾಗಬಾರದೆಂದು ಫ್ಯಾನು ನಿಲ್ಲಿಸಿದ್ದರು. ಅಂಗಿ ಬೆನ್ನಿಗಂಟುವ ಸೆಕೆ. ಒಮ್ಮೆ ಕೆಮ್ಮಿದ. ಗಂಟಲು ಉರಿಯಿತೆಂದು, ಆಗಷ್ಟೇ ತಂದಿಟ್ಟಿದ್ದ ಬಿಸಿ ಚಹಾ ಬಾಯಿಗೆ ಹಾಕಿದರೆ ಅದು ಬಾವಿನೀರಿನಷ್ಟು ತಣ್ಣಗಿತ್ತು. ರಾಯರು ಏರಿಸುತ್ತಿದ್ದ ನಶ್ಯದ ವಾಸನೆ ಮೂಗಿಗೆ ಬಡಿಯಿತು.

ಗಾಜಿನಾಚೆ ಕುಳಿತಿದ್ದ ರೆಕಾರ್ಡಿಸ್ಟ್ ಚನ್ನಬಸಯ್ಯ ಹೆಡ್‌ಫೋನ್ ಕಿತ್ತಿಟ್ಟು ಓಡಿಬಂದ.

“ಮೊದಲನೇದು ಬರೇ ಗಂಟಲದಾಗ ಇತ್ತು. ಎರಡನೇದು ನೋಡ್ರಿ, ಎದಿಯಿಂದ ಬಂತು! ಥೇಟ್ ರಾಯರ ಕೆಮ್ಮು!”

ದೂಜ ಬಾಯಲ್ಲಿದ್ದ ಚಹಾ ನುಂಗಿದ. “ನಾನು ಕೆಮ್ಮಿದ್ದು ಒಂದೇ ಸಲ.”

ಟೇಪು ಹಾಕಿ ಕೇಳಿದರು. ಎರಡಿದ್ದವು. ಎರಡನೆಯದು ನಿಧಾನವಾಗಿ, ತುದಿಯಲ್ಲೊಂದು ಸಣ್ಣ ಸಿಳ್ಳೆಯೊಂದಿಗೆ, ಹೀಗೆ ಎಂದು ತೋರಿಸಿಕೊಡುವಂತೆ ಬಂದಿತ್ತು. ಸಿನಿಮಾದಲ್ಲಿ ಅದನ್ನೇ ಉಳಿಸಿಕೊಂಡರು.

ಹೆದರಿ ಕಸುಬು ಬಿಡುವ ಆಸಾಮಿಯಲ್ಲ ದೂಜ. ಈಗಲೂ ಮಾಟುಂಗದ ಕನ್ನಡ ಸಂಘದಲ್ಲಿ ಜನ “ರಾಯರ ಕೆಮ್ಮು!” ಎಂದು ಕೂಗಿದರೆ, ಎದೆಯುಬ್ಬಿಸಿ ಒಮ್ಮೆ ಕೆಮ್ಮುತ್ತಾನೆ. ಆಮೇಲೆ ಬಾಯಿ ಮುಚ್ಚಿ, ಕೈಕಟ್ಟಿ ಕಾಯುತ್ತಾನೆ. ಚಪ್ಪಾಳೆ ಬೀಳುವುದು ಎರಡನೆಯದಕ್ಕೆ.